ಗದ್ದದ ಕೆಳಗಿನ ಸುಳಿ

ಪ್ರೂಫಿನವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಉಳಿದದ್ದು ಒಂದು ಎಡಗೈ, ಮತ್ತೆ ಒಂದೇ ಒಂದು ಶಬ್ದ. ಆ ಶಬ್ದವಾದರೂ ಎಂಥದ್ದು ಅಂತೀರಿ? "ಊಹೂಂ." ಅಲ್ಲ, ಉಳಿಯೋದೇ ಆಗಿದ್ದರೆ ಹೆಂಡತಿಯ ಹೆಸರು ಉಳಿಯಬಾರದಿತ್ತೆ? ಮಗಳ ಹೆಸರು ಉಳಿಯಬಾರದಿತ್ತೆ? ಹೋಗಲಿ, "ನೀರು" ಅಂತಲಾದರೂ ಉಳಿಯಬಾರದಿತ್ತೆ? ಆದರೆ ಮೂವತ್ತನಾಲ್ಕು ವರ್ಷ ಅಚ್ಚುಕೂಟದ ಮೂಲೆಯಲ್ಲಿ ಕೂತು, ಕೆಂಪು ಮಸಿಯ ಪೆನ್ನು ಹಿಡಿದು ಪ್ರೂಫಿನ ಹಾಳೆಯಲ್ಲಿ ಊರವರ ತಪ್ಪೆಲ್ಲ ತಿದ್ದಿದ ಮನುಷ್ಯ. ಅವರಿಗೆ ಬೇರೆ ಇನ್ನೇನು ಉಳಿದೀತು!

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಮೆಷೀನು ಹಾಕಿಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಬೀದಿಗೆಲ್ಲ ಅವಳು ಹೊಲಿಗೆಯಮ್ಮ. ಗಂಡನ ಅಷ್ಟೂ ಷರಟು ಅವಳೇ ಹೊಲಿದದ್ದು. ಕಾಲರು ಒಂದು ನೂಲಿನಷ್ಟು ಓರೆಯಾದರೂ "ಊಹೂಂ" ಅನ್ನುತ್ತಿದ್ದರು. ಸರಿಯಾಗಿದ್ದರೆ ಸುಮ್ಮನೆ ತೊಟ್ಟುಕೊಂಡು ಹೊರಟುಬಿಡೋರು. ಊಟದ್ದೂ ಅದೇ ಕಥೆ. ಉಪ್ಪು ಹೆಚ್ಚಾದರೆ ಊಹೂಂ, ಹದವಾಗಿದ್ದರೆ ತಟ್ಟೆ ಖಾಲಿ, ಮಾತಿಲ್ಲ.

"ಒಂದು ಸಲ 'ಸರಿಯಾಗಿದೆ' ಅಂದರೆ ನಿಮ್ಮ ಗಂಟೇನು ಹೋಗತ್ತೆ ರೀ?" ಅಂತ ಅವಳು ಮದುವೆಯಾದ ಹೊಸದರಲ್ಲೇ ಜಗಳ ತೆಗೆದಿದ್ದಳು.

"ನಮ್ಮ ಕೆಲಸದಲ್ಲಿ ಸರಿಯಿದ್ದದ್ದಕ್ಕೆ ಗುರುತು ಹಾಕೋ ಪದ್ಧತಿ ಇಲ್ಲ ಕಣೇ," ಅಂದಿದ್ದರು ಅವರು, ನಗದೆ. "ಸುಮ್ಮನೆ ಬಿಟ್ಟಿದ್ದೀನಿ ಅಂದರೆ ಸರಿಯಾಗಿದೆ ಅಂತಲೇ ಅರ್ಥ."

ಅವತ್ತಿನಿಂದ ಅವಳು ಆ ಒಂದು ಮಾತಿಗೆ ಕಾದೇ ಕಾದಳು. ಮೂವತ್ತೊಂದು ವರ್ಷ.

ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಎರಡು ವಾರದ ಗಡ್ಡ ಬೆಳೆದಿತ್ತು. ದಿನಾ ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಗಡ್ಡ ಮಾಡಿಕೊಳ್ಳುತ್ತಿದ್ದವರು, ರಜೆಯ ದಿನವೂ ಬಿಟ್ಟವರಲ್ಲ. ಗೋಡೆಯ ಕನ್ನಡಿಯಲ್ಲಿ ತಮ್ಮ ಮುಖ ಕಂಡದ್ದೇ ಎಡಗಣ್ಣಿನಿಂದ ನೀರು ಇಳಿಯಿತು. ಎರಡು ಬೀದಿ ಆಚೆ ಇದ್ದ ಮಗಳು ಬ್ಯಾಟರಿ ಮೆಷೀನು ತಂದಳು. ಅದು ಗುಂಯ್ ಅಂದ ಕೂಡಲೇ ಪ್ರೂಫಿನವರು ಎಡಗೈಯಿಂದ ತಳ್ಳಿ, "ಊಹೂಂ" ಅಂದು, ಬಚ್ಚಲಿನ ಗೂಡಿನ ಕಡೆ ಬೆರಳು ತೋರಿಸಿದರು.

ಗೂಡಿನಲ್ಲಿ ಅವರ ಸೋದರಮಾವ ಮೊದಲ ಕೆಲಸಕ್ಕೆ ಸೇರಿದಾಗ ಕೊಟ್ಟ ಹಳೇ ರೇಜರ್ ಇತ್ತು. ಎರಡೂ ಅಂಚಿಗೆ ಧಾರೆಯಿರುವ ಬ್ಲೇಡು ಹಾಕುವಂಥದ್ದು, ಮೂರು ತುಂಡು: ಹಿಡಿ, ಹಲ್ಲಿನ ಪಟ್ಟಿ, ಮೇಲಿನ ಮುಚ್ಚಳ. ಬೆರಳು ಕೂರುವ ಜಾಗದಲ್ಲಿ ಬೆಳ್ಳಿಯ ಬಣ್ಣ ಸವೆದು ಹಿತ್ತಾಳೆ ಕಾಣುತ್ತಿತ್ತು. ಕೈಗೆ ತೆಗೆದುಕೊಂಡರೆ ಒಳ್ಳೆ ತೂಕ.

"ಅಮ್ಮ, ತಲೆ ಕೆಟ್ಟಿದ್ಯಾ? ಅಪ್ಪಂಗೆ ರಕ್ತ ತೆಳ್ಳಗೆ ಮಾಡೋ ಮಾತ್ರೆ ಕೊಡ್ತಿದ್ದಾರೆ. ಒಂದು ಗೀರು ಬಿದ್ರೂ ಬೇಗ ನಿಲ್ಲಲ್ಲ."

"ಗೊತ್ತು ಬಿಡೇ. ಮೂವತ್ತೊಂದು ವರ್ಷದಿಂದ ಕತ್ತರಿ ಹಿಡಿದಿದ್ದೀನಿ, ಇದೇನು ಮಹಾ!" ಅಂದಳು ತಾಯಿ.

ಮಹಾನೇ ಆಗಿತ್ತು. ಕತ್ತರಿ ಹಿಡಿದ ಕೈಗೆ ಒತ್ತುವುದು ಅಭ್ಯಾಸ. ಮೊದಲ ದಿನ ಐದು ಕಡೆ ಗೀರಿದಳು. ಬಿಳೀ ನೊರೆಯ ಮೇಲೆ ಕೆಂಪು ಹರಡಿತು. ಪಟಿಕದ ಕಲ್ಲು ಒತ್ತಿ ಹಿಡಿದು ಇಪ್ಪತ್ತು ನಿಮಿಷ ನಿಂತಳು. ಸಂಜೆ ಬಂದ ಮಗಳು ಬಾಗಿಲಲ್ಲೇ ಹಣೆ ಚಚ್ಚಿಕೊಂಡಳು.

"ಏನಮ್ಮ ಇದು, ಅಪ್ಪನ್ನ ಕೊಚ್ಚಿ ಹಾಕಿದ್ದೀಯಲ್ಲ! ಇನ್ನೊಂದು ಸಲ ರಕ್ತ ನೋಡಿದ್ರೆ ಆ ಕತ್ತೀನ ನಾನೇ ಎತ್ತಿಕೊಂಡು ಹೋಗ್ತೀನಿ, ನೋಡ್ತಿರು."

ಹೊಲಿಗೆಯಮ್ಮ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅವಳ ಯೋಚನೆಯೇ ಬೇರೆ. ಗೀರಿದಾಗೆಲ್ಲ ಅವರು "ಊಹೂಂ" ಅಂದಿದ್ದರು, ನಿಜ. ಆದರೆ ಎಡದವಡೆಯ ಮೇಲೆ ಒಂದೇ ಒಂದು ಎಳೆತ ಸಲೀಸಾಗಿ ಇಳಿದಾಗ ಸುಮ್ಮನಿದ್ದರು. ಆ ಸುಮ್ಮನಿದ್ದದ್ದು ಅವಳಿಗೆ ಸಾಕಾಗಿತ್ತು. ಇಡೀ ಮುಖ ಹಾಗೆ ಸುಮ್ಮನಿರುವ ಹಾಗೆ ಮಾಡಬೇಕು, ಈ ಗಂಡಸಿನಿಂದ ಒಂದು ಸಲವಾದರೂ ಪೂರ್ತಿ "ಸರಿ" ಪಡೆದೇ ತೀರಬೇಕು, ಅವರು ಹೋಗುವುದರೊಳಗೆ. ಲಕ್ವ ಎರಡನೆಯ ಸಲ ಹೊಡೆಯಬಹುದು ಅಂತ ಡಾಕ್ಟರು ಅವಳೊಬ್ಬಳಿಗೇ ಹೇಳಿದ್ದರು.

ಮಾರನೆಯ ದಿನದಿಂದ ಪಾಠ ಶುರುವಾಯಿತು. ಕಲಿಸಿದ್ದು ಅವರೇ.

ಮೊದಲು ಬಿಸಿನೀರಿನಲ್ಲಿ ಹಿಂಡಿದ ಟವೆಲು, ಮೂರು ನಿಮಿಷ. ಅವಸರ ಮಾಡಿದರೆ ಊಹೂಂ. ಆಮೇಲೆ ಬಟ್ಟಲಿನಲ್ಲಿ ಸೋಪು ಕಲಸುವುದು, ನೊರೆ ಮೊಸರಿನ ಹಾಗೆ ಗಟ್ಟಿ ನಿಲ್ಲಬೇಕು. ಗುಳ್ಳೆ ಗುಳ್ಳೆಯಾದರೆ ಊಹೂಂ. ಕೈ ಒತ್ತಿದಾಗ ಅವರು ಅವಳ ಮಣಿಕಟ್ಟು ಹಿಡಿದು, ಬೆರಳು ಸಡಿಲವಾಗುವ ತನಕ ಅಲ್ಲಾಡಿಸಿದರು. ಆಗ ಅವಳಿಗೆ ಹೊಳೆಯಿತು. ಒತ್ತಬೇಕಾದದ್ದು ಕೈಯಲ್ಲ. ರೇಜರಿನ ತೂಕವೇ ಇಳಿದುಕೊಂಡು ಹೋಗಬೇಕು, ಕೈ ಬರೀ ದಾರಿ ತೋರಿಸಬೇಕು. ಹಿಡಿಯನ್ನು ಸರಿಯಾದ ಓರೆಗೆ ತಂದಾಗ ಬ್ಲೇಡು ಕೂದಲು ಕುಯ್ಯುವ ಕರಕರ ಸದ್ದು ಕೇಳುತ್ತಿತ್ತು. ಸದ್ದು ನಿಂತರೆ ಓರೆ ತಪ್ಪಿದೆ ಅಂತ ಲೆಕ್ಕ.

ಕೂದಲು ಯಾವ ಕಡೆ ಬೆಳೆಯುತ್ತದೋ ಆ ಕಡೆಗೇ ಎಳೆಯಬೇಕು, ಎದುರಿಗೆ ಎಳೆದರೆ ಗೀರುತ್ತದೆ. ಬಟ್ಟೆಯ ಎಳೆ ನೋಡಿ ಕತ್ತರಿಸುವವಳಿಗೆ ಇದನ್ನು ಬಿಡಿಸಿ ಹೇಳಬೇಕೆ? ಆದರೆ ಎಳೆ ಯಾವ ಕಡೆಗಿದೆ ಅಂತ ಗೊತ್ತಾಗಬೇಕಲ್ಲ. ಕೇಳಿದಾಗ ಪ್ರೂಫಿನವರು ಎಡಗೈ ಎತ್ತಿ, ತೋರುಬೆರಳನ್ನು ಅವಳ ಕೆನ್ನೆಯ ಮೇಲಿಟ್ಟರು. ಕಿವಿಯ ಹತ್ತಿರದಿಂದ ಕೆಳಕ್ಕೆ ಮೆಲ್ಲಗೆ ಎಳೆದರು. ಹಾಗೆ ಅವಳ ಕೆನ್ನೆ ಮುಟ್ಟಿ ಎಷ್ಟು ವರ್ಷವಾಗಿತ್ತೋ. ಐವತ್ತೆಂಟರ ಹೆಂಗಸು, ಕೈಯಲ್ಲಿ ಬ್ಲೇಡು ಹಿಡಿದುಕೊಂಡು, ಹೊಸ ಹೆಣ್ಣಿನ ಹಾಗೆ ನಾಚಿಕೊಂಡಳು.

"ಮಗಳು ಬಂದಾಳು ರೀ," ಅಂದಳು.

ಕೆನ್ನೆ ಎರಡೂ ಬಂದವು. ಕತ್ತು ಮಾತ್ರ ಬರಲೊಲ್ಲದು. ಅವಳ ಕತ್ತಿನ ಬಲಗಡೆ ಅವರ ಬೆರಳು ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು, ಎಡಗಡೆ ಕಿವಿಯಿಂದ ಗಂಟಲಿಗೆ ಓರೆಯಾಗಿ. ಅವಳು ಹಾಗೇ ಮಾಡಿದಳು, ಚಾಚೂ ತಪ್ಪದೆ. ಊಹೂಂ. ಮತ್ತೆ ಗೀರು, ಮತ್ತೆ ಪಟಿಕ. ಮೂರು ವಾರ ಇದೇ ಗೋಳು. ಮಗಳಿಗೆ ಕಾಣದಿರಲಿ ಅಂತ ಗಂಡನ ಕತ್ತಿಗೆ ಮಫ್ಲರು ಸುತ್ತಿ ಕೂರಿಸುತ್ತಿದ್ದಳು. ಒಂದು ದಿನ ತಾಳ್ಮೆ ಕೆಟ್ಟು ಬ್ರಷ್ಷು ಬಿಸಾಕಿದಳು. "ನೀವು ತೋರಿಸಿದ ಹಾಗೇ ಮಾಡ್ತಿದ್ದೀನಲ್ಲ! ಇನ್ನು ನನ್ನ ತಲೆ ತಿನ್ನಬೇಡಿ!" ಅವರೂ ಸಿಟ್ಟಿನಿಂದ ಮುಖ ಆಚೆ ತಿರುಗಿಸಿದರು. ಮಾತಿಲ್ಲದವರ ಸಿಟ್ಟು ಭಾರೀ ಕೆಟ್ಟದ್ದು, ತಿರುಗಿ ಬೈಯೋಣವೆಂದರೂ ಬಾಯಿ ಬರುವುದಿಲ್ಲ.

ಆ ಒಗಟು ಬಿಡಿಸಿಕೊಂಡದ್ದು ಮುಂದಿನ ಕೋಣೆಯಲ್ಲಿ. ಗಿರಾಕಿಯೊಬ್ಬಳ ಕೋಟಿಗೆ ಪಿನ್ನು ಚುಚ್ಚುತ್ತಿದ್ದವಳು ತಲೆಯೆತ್ತಿ ಎದುರಿನ ಉದ್ದ ಕನ್ನಡಿ ನೋಡಿದಳು. ಪಿನ್ನಿನ ದಿಂಬು ಅವಳ ಎಡಗೈ ಮಣಿಕಟ್ಟಿಗೆ ಕಟ್ಟಿತ್ತು. ಕನ್ನಡಿಯೊಳಗಿನ ಹೆಂಗಸಿಗೆ ಬಲಗೈಯಲ್ಲಿತ್ತು. ಅಯ್ಯೋ ನನ್ನ ಬುದ್ಧಿಯೇ! ಆ ಮನುಷ್ಯ ತಮ್ಮ ಮುಖವನ್ನು ನೋಡಿದ್ದಾದರೂ ಎಲ್ಲಿ? ಜೀವಮಾನವೆಲ್ಲ ಕನ್ನಡಿಯಲ್ಲೇ. ಈಗ ಎದುರಿಗೆ ನಿಂತ ಹೆಂಡತಿಯ ಮುಖವನ್ನೇ ಕನ್ನಡಿ ಮಾಡಿಕೊಂಡಿದ್ದಾರೆ. ತನ್ನ ಬಲಗಡೆ ಬರೆದದ್ದು ಅವರ ಎಡಗಡೆಯದ್ದು!

ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಒಳಕ್ಕೆ ಓಡಿದಳು. ಗಿರಾಕಿ ಒಂದು ತೋಳಿನ ಕೋಟು ತೊಟ್ಟು ಬಾಯಿ ಬಿಟ್ಟುಕೊಂಡು ನಿಂತಿದ್ದಳು.

"ಎಡಬಲ ಅದಲುಬದಲು ರೀ! ಇಬ್ಬರೂ ಸೇರಿ ಪೆದ್ದರಾದೆವು!"

ಪ್ರೂಫಿನವರಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಆಮೇಲೆ ನಕ್ಕರು, ಮುಖದ ಅರ್ಧದಲ್ಲಿ ಮಾತ್ರ, ಆದರೆ ಭುಜ ಎರಡೂ ಕುಣಿಯುವ ಹಾಗೆ. ತಮ್ಮ ತಪ್ಪೊಂದು ಸಿಕ್ಕಿಬಿದ್ದದ್ದಕ್ಕೆ ಅವರು ನಕ್ಕದ್ದನ್ನು ಅವಳು ಕಂಡದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಎಡ, ಬಲ, ಗದ್ದ, ಮೂಗಿನ ಕೆಳಗೆ, ಕತ್ತು. ಅವರು ಸುಮ್ಮನಿದ್ದರು. ಕಿವಿಯಿಂದ ಕಿವಿಯ ತನಕ ಸುಮ್ಮನಿದ್ದರು. ಒಂದು ಹನಿ ರಕ್ತವಿಲ್ಲ. "ಸರಿನಾ?" ಅಂತ ಕೇಳಿದಳು. ಅವರು ಕಿಟಕಿಯಾಚೆ ನೋಡುತ್ತಾ ಕೂತರು, ಪುಟ ಮಗುಚಿದವರ ಹಾಗೆ. ಅವಳು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತುಬಿಟ್ಟಳು. ಇಷ್ಟು ಸುಖ ಪಟ್ಟು ಅವಳು ಎಂದೂ ಅತ್ತವಳಲ್ಲ.

ಉಳಿದದ್ದು ಒಂದೇ ಜಾಗ. ಗದ್ದದ ಕೆಳಗೆ ಬಲಕ್ಕೆ, ನಾಣ್ಯದಷ್ಟಗಲ, ಕೂದಲು ಸುಳಿ ಸುತ್ತಿಕೊಂಡು ಬೆಳೆಯುತ್ತಿತ್ತು. ಅಲ್ಲಿ ಯಾವ ಕಡೆಯಿಂದ ಹೋದರೂ ಎದುರಾಗುತ್ತದೆ. ದಿನಾ ಅದೊಂದನ್ನು ಬಿಟ್ಟು ಸುತ್ತ ತೆಗೆಯುತ್ತಿದ್ದಳು. ಒಂದು ಬೆಳಿಗ್ಗೆ ಧೈರ್ಯ ಮಾಡಿ, "ಇದನ್ನೂ ಹೇಳಿಕೊಡಿ, ಪೂರ್ತಿಯಾಗಲಿ," ಅಂದಳು. ಅವರಿಗೆ ಆಯಾಸವಾಗಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಮಾರನೆಯ ದಿನದ ಅಂಕಿಯ ಕಡೆ ಬೆರಳು ತೋರಿಸಿದರು. ನಾಳೆ.

ಆ ನಾಳೆ ಅವಳು ಎಬ್ಬಿಸಿದರೆ ಅವರು ಏಳಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ದಿನ ಉಸಿರು ಆಡಿತು. ಊಹೂಂ ಕೂಡ ಹೋಗಿತ್ತು. ಐದನೆಯ ದಿನ ಮಧ್ಯಾಹ್ನ ಉಸಿರೂ ನಿಂತಿತು.

ಆಸ್ಪತ್ರೆಯ ಹಿಂದುಗಡೆ, ದೇಹ ತೊಳೆದು ಸಿದ್ಧ ಮಾಡುವ ಕೋಣೆ. ಅಲ್ಲಿನ ನೌಕರ ಪ್ಲಾಸ್ಟಿಕ್ಕಿನ ಅಗ್ಗದ ರೇಜರ್ ಬಿಚ್ಚುತ್ತಿದ್ದ. ಹೊಲಿಗೆಯಮ್ಮ ಚೀಲದಿಂದ ಹಳೇ ರೇಜರ್, ಬಟ್ಟಲು, ಬ್ರಷ್ಷು ತೆಗೆದು ಕಲ್ಲಿನ ಕಟ್ಟೆಯ ಮೇಲಿಟ್ಟಳು.

"ನಾನು ಮಾಡ್ತೀನಪ್ಪಾ. ಸ್ವಲ್ಪ ಬಿಸಿನೀರು ಕೊಡ್ತೀಯಾ?"

"ಬಿಸಿನೀರು ಬೇಕಾಗಲ್ಲಮ್ಮ. ಇವರಿಗೆ ಈಗ..." ಅಂದವನು ಅವಳ ಮುಖ ನೋಡಿ, ಹೋಗಿ ಬಿಸಿನೀರು ತಂದ.

ಮಗಳು, "ಬೇಡಮ್ಮ, ನಿನಗ್ಯಾಕೆ ಈ ಸಂಕಟ," ಅಂತ ತೋಳು ಹಿಡಿದಳು. ಅವಳು ಬಿಡಿಸಿಕೊಂಡಳು. ಟವೆಲು ಮೂರು ನಿಮಿಷ. ನೊರೆ ಗಟ್ಟಿಯಾಗಿ ನಿಂತಿತು. ಕೆನ್ನೆ, ಗದ್ದ, ಮೂಗಿನ ಕೆಳಗೆ, ಕತ್ತಿನ ಎಡ, ಕತ್ತಿನ ಬಲ. ಅವರು ಸುಮ್ಮನಿದ್ದರು.

ಸುಳಿಯ ಹತ್ತಿರ ಕೈ ನಿಂತಿತು. ಮೇಲಿನಿಂದ ಒಂದು ಸಲ ಎಳೆದಳು. ಸುಮ್ಮನಿದ್ದರು. ಪಕ್ಕದಿಂದ ಎಳೆದಳು. ಅದಕ್ಕೂ ಸುಮ್ಮನಿದ್ದರು. "ಹೀಗಾ? ಇಲ್ಲಾ ಹೀಗಾ?" ಅಂತ ಬಾಯಿಬಿಟ್ಟೇ ಕೇಳಿದಳು. ಇಷ್ಟು ವರ್ಷ ಸುಮ್ಮನಿದ್ದರೆ ಸರಿ ಅಂತ ಅರ್ಥವಿತ್ತು. ಈಗ ಎಲ್ಲದಕ್ಕೂ ಸುಮ್ಮನಿದ್ದಾರೆ, ಯಾವುದು ಸರಿ ಅಂತ ಅವಳು ತಿಳಿಯಬೇಕು?

ಹೊಲಿಗೆಯಮ್ಮ ಹಿಡಿಯನ್ನು ಬಿಗಿಯಾಗಿ ಹಿಡಿದು, ಒತ್ತಿ, ಕೂದಲಿಗೆ ನೇರ ಎದುರಾಗಿ, ಕೆಟ್ಟ ಓರೆಯಲ್ಲಿ, ಬೇಕೆಂದೇ ತಪ್ಪಾಗಿ ಎಳೆದಳು. ಚರ್ಮ ಗೀರಿತು. ಮೊದಲ ದಿನ ಮಾಡಿದ್ದಕ್ಕಿಂತ ಹೊಲಸು ಕೆಲಸ. ರೇಜರ್ ಎತ್ತಿ ಹಿಡಿದು, ಅವರ ಬಾಯಿಯ ಹತ್ತಿರ ಕಿವಿ ತಂದು ಕಾದಳು.

"ಹೇಳಿ ರೀ," ಅಂದಳು. "ತಪ್ಪು ಮಾಡಿದ್ದೀನಲ್ಲ, ಹೇಳಿ!"

ಮಗಳು ಗೋಡೆಗೆ ಮುಖ ಮಾಡಿ ಬಿಕ್ಕುತ್ತಿದ್ದಳು. ನೌಕರ ಮೆಲ್ಲಗೆ ಹತ್ತಿರ ಬಂದು, ಒಳ್ಳೆಯ ಮನಸ್ಸಿನಿಂದಲೇ, "ಸರಿಯಾಗಿದೆ ಬಿಡಿ ಅಮ್ಮ, ತುಂಬಾ ಚೆನ್ನಾಗಿ ಮಾಡಿದ್ದೀರಿ," ಅಂದ.

"ಇಲ್ಲ ಕಣಪ್ಪಾ, ತಪ್ಪಾಗಿದೆ," ಅಂದಳು ಅವಳು. "ನೋಡು, ಆದರೂ ಅವರು ಊಹೂಂ ಅಂತ ಹೇಳ್ತಾ ಇಲ್ಲ."