ಎದೆಯ ಮೇಲೆ ಕಟ್ಟಿದ ಕೈ

ಮೊರಾಗ್ ಗಿಲ್‌ಕ್ರಿಸ್ಟ್‌ಗೆ ಸಿಟ್ಟು ಬಂದರೆ ಪಾತ್ರೆ ತೊಳೆಯುತ್ತಾಳೆ. ತನ್ನವಾದರೂ ಸರಿ, ಊರವರದಾದರೂ ಸರಿ. ಆ ಬೆಳಿಗ್ಗೆ ವಿನಿಫ್ರೆಡ್ ಪ್ಯಾಸ್ಕೋಳ ಅಡಿಗೆಮನೆಯಲ್ಲಿ, ತೊಳೆದು ಒರೆಸಿಟ್ಟಿದ್ದ ಕಪ್ಪುಗಳನ್ನೇ ಮತ್ತೆ ಇಳಿಸಿಕೊಂಡು ತೊಳೆಯುತ್ತಿದ್ದಳು. ಒಳಕೋಣೆಯಲ್ಲಿ ವಿನಿ ಸಾಯುತ್ತಿದ್ದಳು. ಸಾಯುವವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸರಿಯಲ್ಲ ಅಂತ ಮೊರಾಗ್‌ಗೂ ಗೊತ್ತಿತ್ತು. ಆದರೆ ಬಂದಿತ್ತು, ಏನು ಮಾಡುವುದು?

ವಿನಿ ಕೇಳಿದ್ದು ಇಷ್ಟೇ: "ನಂಗೆ ಕರ್ತನ ಭೋಜನ ಬೇಕು ಕಣೆ. ನಾಳೆಗೆ ಅಂತ ಇಡ್ಬೇಡ. ನೀನೇ ಕೊಟ್ಬಿಡು."

ನೀನೇ ಕೊಟ್ಟುಬಿಡಬೇಕಂತೆ! ಹನ್ನೆರಡು ವರ್ಷ ಎಲ್ಲಿ ಹೋಗಿತ್ತು ಈ ಮಾತು?

ವೈಕೊಟಾರೆ ಕಣಿವೆಯದು ಕೂಡುಸಭೆ. ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು ಬೇರೆ ಬೇರೆ ಚರ್ಚು ನಡೆಸಲು ಜನ ಸಾಲದೆ ಒಂದೇ ಮರದ ಕಟ್ಟಡಕ್ಕೆ ಬಂದು ಸೇರಿದ್ದರು. ಆಮೇಲೆ ಸಂಬಳದ ಪಾದ್ರಿಯನ್ನು ಇಟ್ಟುಕೊಳ್ಳುವ ಶಕ್ತಿಯೂ ಹೋಯಿತು. ಆಗ ಊರವರೇ ಕೆಲಸ ಹಂಚಿಕೊಂಡರು. ಸ್ಕೂಲ್ ಬಸ್ ಓಡಿಸುವ ಮೊರಾಗ್ ಚರ್ಚಿನಲ್ಲಿ ಉಪದೇಶದ ಪ್ರಸಂಗ ಮಾಡುತ್ತಾಳೆ, ಸತ್ತವರನ್ನು ಮಣ್ಣು ಮಾಡುತ್ತಾಳೆ. ವೃದ್ಧಾಶ್ರಮದಲ್ಲಿ ದುಡಿಯುವ, ಟೋಂಗಾ ದ್ವೀಪದ ಲೊಸಲೀನೆ ರೋಗಿಗಳ ಮನೆಗೆ ಹೋಗಿ ಬರುತ್ತಾಳೆ. ಹಾಡು ಆರಿಸುವ ಕೆಲಸ ವಿನಿಯದಾಗಿತ್ತು, ಅದರಲ್ಲಿ ಯಾರೂ ಬಾಯಿ ಹಾಕುವಂತಿರಲಿಲ್ಲ.

ಒಬ್ಬರ ಪದ್ಧತಿಯನ್ನು ಇನ್ನೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಅಲ್ಲಿಯ ರೂಢಿ. ಕರ್ತನ ಭೋಜನದಲ್ಲಿ, ಅಂದರೆ ಆಶೀರ್ವದಿಸಿದ ರೊಟ್ಟಿಯನ್ನೂ ರಸವನ್ನೂ ಹಂಚಿಕೊಳ್ಳುವಾಗ, ಆಂಗ್ಲಿಕನ್ನರಿಗೆ ಒಂದೇ ಬಟ್ಟಲಿನಲ್ಲಿ ದ್ರಾಕ್ಷಾರಸ, ಮಿಕ್ಕವರಿಗೆ ಚಿಕ್ಕ ಚಿಕ್ಕ ಗಾಜಿನ ಲೋಟಗಳಲ್ಲಿ ಹಣ್ಣಿನ ರಸ. ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆ ಬೇಡುವ ಸಾಲು ಬಂದಾಗ ಪ್ರೆಸ್ಬಿಟೇರಿಯನ್ನರ ಮಾತು ಚಿಕ್ಕದು, ಆಂಗ್ಲಿಕನ್ನರದು ಉದ್ದ. ಮೊದಲು ಮುಗಿಸಿದವರು ಬಾಯಿ ಮುಚ್ಚಿ ನಿಂತು, ಉಳಿದವರು ಬಂದು ಸೇರಿದ ಮೇಲೆ ಒಟ್ಟಿಗೆ ಮುಂದೆ ಹೋಗುತ್ತಾರೆ.

ಬಗೆಹರಿಯದೆ ಉಳಿದದ್ದು ಒಂದೇ. ರೊಟ್ಟಿಯನ್ನು ಆಶೀರ್ವದಿಸುವವರು ಯಾರು? ಮೊರಾಗ್ ಆಗಬಹುದು ಅಂತ ಪ್ರೆಸ್ಬಿಟೇರಿಯನ್ನರೂ ಮೆಥಡಿಸ್ಟರೂ ವರ್ಷವರ್ಷವೂ ಅನುಮತಿ ಕೊಡುತ್ತಾರೆ. ಆಂಗ್ಲಿಕನ್ನರಿಗೆ ಮಾತ್ರ ದೀಕ್ಷೆ ಪಡೆದ ಪಾದ್ರಿಯೇ ಬೇಕು. ಹಾಗಾಗಿ ತಿಂಗಳ ಮೂರನೆಯ ಭಾನುವಾರ ಪಟ್ಟಣದಿಂದ ಗುಡ್ಡ ದಾಟಿ ಹ್ಯಾಡೋ ಪಾದ್ರಿಗಳು ಬರುತ್ತಾರೆ. ತೆಳು ಬಿಲ್ಲೆಯಂಥ ರೊಟ್ಟಿಗಳನ್ನು ಆಶೀರ್ವದಿಸಿ ಹಂಚುತ್ತಾರೆ. ಉಳಿದದ್ದನ್ನು ಎಸೆಯುವಂತಿಲ್ಲ, ಯಾರ ಕೈಗೂ ಬಿಟ್ಟುಹೋಗುವಂತಿಲ್ಲ. ನಿಂತಲ್ಲೇ ತಾವೇ ತಿಂದು ಮುಗಿಸುತ್ತಾರೆ. ಅದು ನಿಯಮ. ಆಮೇಲೆ ಮೊರಾಗ್ ಮಾಡಿದ ಸ್ಕೋನ್ ಬನ್ನುಗಳನ್ನೂ ತಿಂದು ಹೊರಡುತ್ತಾರೆ. ಅದಕ್ಕೆ ಯಾವ ನಿಯಮವೂ ಅಡ್ಡ ಬಂದದ್ದಿಲ್ಲ.

ಮೊರಾಗ್ ಭೋಜನ ನಡೆಸುವ ಭಾನುವಾರಗಳಲ್ಲಿ ಉಳಿದ ಆಂಗ್ಲಿಕನ್ನರು ಒಬ್ಬೊಬ್ಬರಾಗಿ ಕೈ ಚಾಚತೊಡಗಿದರು. ವಿನಿಯೂ ಆಂಗ್ಲಿಕನ್ನಳೇ, ಆದರೆ ಹನ್ನೆರಡು ವರ್ಷವೂ ಚಾಚಲಿಲ್ಲ. ಸಾಲಿನಲ್ಲಿ ಎಲ್ಲರ ಜೊತೆ ಬರುತ್ತಿದ್ದಳು, ಮೇಜಿನ ಮುಂದೆ ನಿಂತು ಎರಡೂ ಕೈಯನ್ನು ಎದೆಯ ಮೇಲೆ ಕಟ್ಟುತ್ತಿದ್ದಳು. ಅದರ ಅರ್ಥ, ನಿನ್ನ ರೊಟ್ಟಿ ಬೇಡ, ತಲೆ ಮುಟ್ಟಿ ಹರಸಿದರೆ ಸಾಕು. ಮೊರಾಗ್ ಆ ನರೆತ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದಳು. ಪ್ರತಿ ಸಲವೂ ಎಲ್ಲರೆದುರು ಕೆನ್ನೆಗೆ ಬಾರಿಸಿಕೊಂಡಂತಾಗುತ್ತಿತ್ತು.

ಈಗ ಮೂರು ದಿನ ಸುರಿದ ಮಳೆಗೆ ಗುಡ್ಡದ ರಸ್ತೆ ಕುಸಿದು ಕೂತಿದೆ. ಪಾದ್ರಿ ಬರುವ ಹಾಗಿಲ್ಲ. ಅದಕ್ಕೇ ಮೊರಾಗ್ ನೆನಪಾದಳು. ಬೇರೆ ಯಾರೂ ಸಿಗದಾಗ ಮೊರಾಗ್!

"ನಿಂಗೆ ನಿನ್ನ ರೊಟ್ಟೀನೇ ತರಿಸ್ತೀನಿ, ಸುಮ್ನಿರು," ಎಂದಿದ್ದಳು. ವಿನಿ ಏನೋ ಹೇಳಲು ಬಾಯಿ ತೆರೆದು, ಉಸಿರು ಸಾಲದೆ ಕಣ್ಣು ಮುಚ್ಚಿದಳು.

ಕಪ್ಪುಗಳೆಲ್ಲ ಎರಡನೇ ಸಲ ತೊಳೆದಾದ ಮೇಲೆ ಮೊರಾಗ್ ಫೋನೆತ್ತಿದಳು.

"ಅಯ್ಯೋ ಪಾಪ, ವಿನಿಫ್ರೆಡ್," ಎಂದರು ಹ್ಯಾಡೋ. "ಈಗ್ಲೇ ಹೊರಡ್ತೀನಿ. ಕುಸಿದಿರೋ ಜಾಗದ ತನಕ ಬರ್ತೀನಿ, ಆಮೇಲೆ ನೋಡೋಣ. ನೀವು ಮಾತ್ರ ಆತುರ ಬಿದ್ದು ಏನೂ ಮಾಡೋಕ್ ಹೋಗ್ಬೇಡಿ ಮೊರಾಗ್."

"ನಾನೇನ್ ಮಾಡ್ತೀನಿ?"

"ಅಲ್ಲ, ಮುಂದಿನ ತಿಂಗಳು ನಿಮ್ಮ ಅನುಮತಿ ಮೂರೂ ಸಭೆಗಳ ಕೂಡುಸಮಿತಿ ಮುಂದೆ ಬರುತ್ತೆ. ಅಧ್ಯಕ್ಷ ನಾನೇ. ಆಂಗ್ಲಿಕನ್ ಮನೇಲಿ, ಸಾಯೋ ಹಾಸಿಗೆ ಹತ್ರ ನೀವು ಭೋಜನ ನಡೆಸಿದ್ರಿ ಅಂತ ಆದ್ರೆ ನನ್ನ ಕೈ ಕಟ್ಟಿಹಾಕ್ದಂಗೆ ಆಗುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳಿದ್ದು."

ಒಳ್ಳೆಯದಕ್ಕಂತೆ. ಮೊರಾಗ್‌ಳ ಅನುಮತಿ ಹೋದರೆ ಕಣಿವೆಯ ಚರ್ಚಿಗೆ ಬೀಗ ಬಿದ್ದಂತೆಯೇ. ಎಲ್ಲರೂ ಪಟ್ಟಣದ ಚರ್ಚಿಗೇ ಬರಲಿ ಅನ್ನುವ ಮಾತು ಸಮಿತಿಯಲ್ಲಿ ಆಗಲೇ ಎದ್ದಿತ್ತು. ಊರುಗೋಲು ಹಿಡಿದ ಮುದುಕಿಯರು ಗುಡ್ಡ ದಾಟಿ ಹೇಗೆ ಹೋಗುತ್ತಾರೆ ಅನ್ನುವ ಯೋಚನೆ ಆ ಮಹಾಶಯರಿಗೆ ಬಂದಂತಿರಲಿಲ್ಲ. ಮೊರಾಗ್ ಫೋನಿಟ್ಟಳು, ಲೊಸಲೀನೆಯನ್ನು ವಿನಿಯ ಪಕ್ಕ ಕೂರಿಸಿ ಗಾಡಿ ಹತ್ತಿದಳು.

ಕುಸಿತದ ಈಚೆ ಕಡೆ ತಮೆಹಾನಾ ಡಿಗ್ಗರ್ ಯಂತ್ರದಲ್ಲಿ ಮಣ್ಣು ಬಗೆಯುತ್ತಿದ್ದ. ಮದುವೆ, ಸಾವು ಬಿಟ್ಟರೆ ಚರ್ಚಿನ ಬಾಗಿಲು ತುಳಿದವನಲ್ಲ. ಮೊರಾಗ್‌ಳ ಬಸ್ಸಿನಲ್ಲೇ ಶಾಲೆಗೆ ಹೋಗಿ ಬಂದು ದೊಡ್ಡವನಾದವನು, ಇವತ್ತಿಗೂ ಅವಳಿಗೆ ಹೆದರುತ್ತಾನೆ. ಆಚೆ ಕಡೆ ಹ್ಯಾಡೋ ಪಾದ್ರಿಗಳು ಬಿಳಿ ಕಾರಿನ ಪಕ್ಕ ಕೊಡೆ ಹಿಡಿದು ನಿಂತಿದ್ದರು. ನಡುವೆ ರಸ್ತೆಯೇ ಇರಲಿಲ್ಲ. ಕೆಸರು ಇನ್ನೂ ನಿಧಾನವಾಗಿ ಕೆಳಗಿನ ಹೊಳೆಗೆ ಜಾರುತ್ತಿತ್ತು.

"ಮಣ್ಣು ಬಗೆಯೋ ಈ ಬಕೆಟ್ ಆಚೆ ತನಕ ಮುಟ್ಟುತ್ತೆ ಆಂಟಿ," ಎಂದ ತಮೆಹಾನಾ. ಕೈಯನ್ನು ಬಾಯಿಗೆ ಹಿಡಿದು ಕೂಗಿದ: "ಪಾದ್ರಿಗಳೇ! ಬಕೆಟ್ಟಲ್ಲಿ ಕೂತ್ಕೊಳಿ, ಕೂಸಿನ ಥರ ಎತ್ಕೊಂಡು ಬರ್ತೀನಿ!"

"ಬೇಡ ಬೇಡ! ಅದು ಕ್ಷೇಮ ಅಲ್ಲ!"

"ನಮ್ಮ ಕುರಿಗಳೆಲ್ಲ ಇದ್ರಲ್ಲೇ ಬಂದ್ವು! ಒಂದೂ ಬೀಳ್ಲಿಲ್ಲ!"

ಪಾದ್ರಿಗಳು ಕೊಡೆಯನ್ನೇ ಅಲ್ಲಾಡಿಸಿ ಬೇಡವೆಂದರು. ಕಾರಿನೊಳಗಿಂದ ಬೆಳ್ಳಿಯ ಪುಟ್ಟ ಡಬ್ಬಿ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ತಮ್ಮತ್ತ ಚಾಚಿ ಬಂದ ಕೆಸರಿನ ಬಕೆಟ್ಟಿನಲ್ಲಿ ಇಟ್ಟರು.

"ಅದನ್ನ ವಿನಿಫ್ರೆಡ್‌ಗೆ ಅಂತ್ಲೇ ನಾನೇ ಆಶೀರ್ವದಿಸಿ ತಂದಿದ್ದೀನಿ! ನೀವು ಬರೀ ಕೈಗೆ ಕೊಟ್ರೆ ಸಾಕು, ಬೇರೇನೂ ಹೇಳ್ಬೇಡಿ! ಡಬ್ಬಿ ವಾಪಸ್ ಬೇಕು, ಇಲ್ಲೇ ಕಾದಿರ್ತೀನಿ!"

ಡಬ್ಬಿ ಹೊತ್ತ ಬಕೆಟ್ಟು ಗಾಳಿಯಲ್ಲಿ ತೂಗುತ್ತ ಬಂತು. ಮೊರಾಗ್‌ಳ ಮೈಯೆಲ್ಲ ಉರಿಯಿತು. ಕರ್ತನ ದೇಹ ಎಂದು ಅವರೇ ಕರೆಯುವ ರೊಟ್ಟಿ ಕುರಿ ಹೊತ್ತ ಬಕೆಟ್ಟಿನಲ್ಲಿ ಬರಬಹುದು, ಅವರ ಸ್ವಂತ ದೇಹ ಬರಬಾರದು. ತಮೆಹಾನಾನ ಎಣ್ಣೆ ಮೆತ್ತಿದ ಕೈ ಅದನ್ನು ದಾಟಿಸಬಹುದು, ತಾನು ಅದರ ಮೇಲೆ ಎರಡು ಮಾತು ಹೇಳಬಾರದು. ಇದನ್ನು ಧರ್ಮ ಅಂತ ಕರೆಯುತ್ತಾರಲ್ಲ, ನಾಚಿಕೆಯಾದರೂ ಬೇಡವೇ!

"ಬೈಬೇಕು ಅನ್ಸಿದ್ರೆ ಬೈದ್ಬಿಡಿ ಆಂಟಿ, ಎಂಜಿನ್ ಸದ್ದಲ್ಲಿ ಕೇಳ್ಸಲ್ಲ," ಎಂದ ತಮೆಹಾನಾ.

"ಬಾಯ್ಮುಚ್ಕೊಂಡು ಡಬ್ಬಿ ಕೊಡೋ."

ವಿನಿ ಇನ್ನೂ ಇದ್ದಳು. ಲೊಸಲೀನೆ ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದಳು. ಮೊರಾಗ್ ಡಬ್ಬಿ ತೆರೆದು, ಹೇಳಿದಂತೆಯೇ ಏನೂ ಹೇಳದೆ, ಬಿಲ್ಲೆಯನ್ನು ಮುಂದೆ ಹಿಡಿದಳು.

ವಿನಿ ಅದನ್ನು ನೋಡಿದಳು. ಮೊರಾಗ್‌ಳನ್ನು ನೋಡಿದಳು. ಹೊದಿಕೆಯೊಳಗಿಂದ ಒಂದು ಕೈ ತೆಗೆದಳು, ಇನ್ನೊಂದು ತೆಗೆದಳು. ಎತ್ತಲು ತ್ರಾಣವಿಲ್ಲದ ಆ ಕೈಗಳನ್ನು ಎಳೆದೆಳೆದು ಎದೆಯ ಮೇಲೆ ಕಟ್ಟಿದಳು.

ಮೊರಾಗ್‌ಗೆ ಮೊದಲು ಅರ್ಥವೇ ಆಗಲಿಲ್ಲ. "ವಿನಿ, ಇದು ನಿಂದೇ. ಪಾದ್ರಿಗಳೇ ಕಳ್ಸಿದ್ದು."

"ಗೊತ್ತು." ಒಂದೊಂದು ಮಾತಿಗೂ ಉಸಿರು ಹುಡುಕಬೇಕಾಗಿತ್ತು. "ಎಲ್ಲಿದ್ದಾನೆ ಅವ್ನು?"

"ಆಚೆ ಕಡೆ. ಕಾರಲ್ಲಿ."

"ನಾನು ಕೇಳಿದ್ದು ನಿಂದು. ನಿಂಗೆ ಕಿವಿ ಕೇಳ್ಸಲ್ವಾ?"

"ಹನ್ನೆರಡು ವರ್ಷ ನಂದು ಬೇಡ ಅಂದೆಯಲ್ಲೇ!" ಬಿಲ್ಲೆ ಹಿಡಿದ ಕೈಯನ್ನು ಮೊರಾಗ್ ಹಿಂದಕ್ಕೆಳೆದಳು. "ಎಲ್ಲರೆದುರು! ರಸ್ತೆ ಕುಸೀತು ಅಂತ ಈಗ ಬೇಕಾಯ್ತಾ?"

"ರಸ್ತೆ ಅಲ್ವೇ ಪೆದ್ದಿ." ವಿನಿ ಕಣ್ಣು ಮುಚ್ಚಿ ತೆರೆದಳು. "ಅವ್ನು ಹೇಳ್ದ ಅಂತ ಕೈ ಕಟ್ಟಿದೆ. ನಾನು ಮಲಗಿ ನಾಕು ತಿಂಗ್ಳಾಯ್ತು, ಅವ್ನು ಒಂದಿನ ಬಂದಿಲ್ಲ. ನೀವಿಬ್ರು ನನ್ನ ಹೇಲು ಬಾಚಿದ್ರಿ. ಆ ಕೈಯಿಂದ ತಿನ್ನೋಕಾಗಲ್ಲ ಅಂದ್ರೆ ನಾನೆಂಥ ಕ್ರೈಸ್ತಳು? ಸಾಯೋ ಮುಂಚೆ ತಿನ್ಬೇಕು. ಕೊಡು."

ಅನುಮತಿ, ಸಮಿತಿ, ಬೀಗ ಬೀಳುವ ಚರ್ಚು ಎಲ್ಲವೂ ಮೊರಾಗ್‌ಳ ಕಣ್ಣ ಮುಂದೆ ಬಂದವು. ಲೊಸಲೀನೆ ಅವಳ ಮುಖವನ್ನು ಒಮ್ಮೆ ನೋಡಿ, ಏನೂ ಕೇಳದೆ ಅಡಿಗೆಮನೆಗೆ ಹೋದಳು. ಟೋಸ್ಟ್ ಮಾಡುವ ಬ್ರೆಡ್ಡಿನ ಕೊನೆಯ ತುಂಡನ್ನೂ ಬಂದುಹೋಗುವ ಮಕ್ಕಳಿಗೆಂದು ಇಟ್ಟಿದ್ದ ಶರಬತ್ತನ್ನೂ ತಂದಿಟ್ಟಳು. "ಅನುಮತಿ ಹೋದ್ರೆ ಹೋಗ್ಲಿ ಅಕ್ಕಾ. ಬಾಗಿಲು ಹಾಕೋಕೆ ಬರ್ಲಿ, ನಾನೂ ನೋಡ್ತೀನಿ," ಎಂದಳು.

ಮೊರಾಗ್ ಬಿಲ್ಲೆಯನ್ನು ಬೆಳ್ಳಿಯ ಡಬ್ಬಿಗೇ ಹಾಕಿ ಮುಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬ್ರೆಡ್ಡಿನ ಮೇಲೆ ಹೇಳಬೇಕಾದ ಮಾತನ್ನು ಒಂದೂ ಬಿಡದೆ ಹೇಳಿದಳು. ಮೂವರೂ ಕರ್ತನ ಪ್ರಾರ್ಥನೆ ಮಾಡಿದರು, ಲೊಸಲೀನೆ ಟೋಂಗಾದ ಮಾತಿನಲ್ಲಿ, ಮಿಕ್ಕಿಬ್ಬರು ತಂತಮ್ಮ ರೂಢಿಯಂತೆ. ಕ್ಷಮೆಯ ಸಾಲಿಗೆ ಬಂದಾಗ ಇಬ್ಬರೂ ಮುಗಿಸಿ ವಿನಿಗಾಗಿ ಕಾದರು. ಬಹಳ ಹೊತ್ತು ಕಾಯಬೇಕಾಯಿತು. ಅವಳು ಬಂದು ಸೇರಿದ ಮೇಲೆ ಮುಂದೆ ಹೋದರು. ವಿನಿ ಕೈ ಬಿಚ್ಚಿ, ಅಂಗೈ ಚಾಚಿ, ಶರಬತ್ತಿನಲ್ಲಿ ನೆನೆಸಿದ ಆ ಚೂರನ್ನು ತೆಗೆದುಕೊಂಡು ತಿಂದಳು. ಮಧ್ಯಾಹ್ನ ದಾಟುವ ಹೊತ್ತಿಗೆ ಹೋದಳು.

ಮೊರಾಗ್ ಅವಳ ಕಣ್ಣು ಮುಚ್ಚಿ, ಮುಖ ತೊಳೆದು, ಡಬ್ಬಿ ತೆಗೆದುಕೊಂಡು ಮತ್ತೆ ಗುಡ್ಡಕ್ಕೆ ಹೋದಳು. ಹ್ಯಾಡೋ ಕಾರಿನಿಂದಿಳಿದರು. ಬಕೆಟ್ಟು ಆಚೆ ಹೋಯಿತು. ಅವರು ಡಬ್ಬಿಯನ್ನು ಒರೆಸಿ ತೆರೆದು ನೋಡಿದರು.

"ಇದೇನು, ಇಲ್ಲೇ ಇದೆಯಲ್ಲ! ತಡ ಆಗೋಯ್ತಾ?"

"ತಡ ಆಗ್ಲಿಲ್ಲ! ಕೈ ಕಟ್ಟಿದ್ಲು!"

"ಏನು? ಕೇಳಿಸ್ತಿಲ್ಲ!"

ತಮೆಹಾನಾ ಎಂಜಿನ್ ಆರಿಸಿದ. ಹೊಳೆಯ ಸದ್ದು ಮಾತ್ರ ಉಳಿಯಿತು.

"ನಿಮ್ಮ ರೊಟ್ಟಿ ನೋಡಿ ವಿನಿ ಎದೆ ಮೇಲೆ ಕೈ ಕಟ್ಟಿದ್ಲು! ಬ್ರೆಡ್ ಆಶೀರ್ವದಿಸಿ ನಾನೇ ಕೊಟ್ಟೆ, ತಿಂದು ಸತ್ಲು! ಸಮಿತೀಲಿ ನೀವು ಹೇಳ್ತೀರೋ, ನಾನೇ ಬಂದು ಹೇಳ್ಲೋ?"

ಹ್ಯಾಡೋ ಡಬ್ಬಿಯನ್ನು ಮುಚ್ಚಲು ಹೋದವರು ಮುಚ್ಚಲಿಲ್ಲ. ಉಳಿದ ರೊಟ್ಟಿಯನ್ನು ಏನು ಮಾಡಬೇಕು ಅನ್ನುವುದು ಅವರಿಗೂ ಗೊತ್ತಿತ್ತು, ಮೊರಾಗ್‌ಗೂ ಗೊತ್ತಿತ್ತು. ಅವಳು ಕದಲದೆ ನಿಂತು ನೋಡಿದಳು. ಅವರು ಮಳೆಯಲ್ಲಿ ಟೋಪಿ ತೆಗೆದು, ವಿನಿ ಬೇಡವೆಂದ ಆ ಬಿಲ್ಲೆಯನ್ನು ತಮ್ಮ ಬಾಯಿಗೇ ಹಾಕಿಕೊಂಡು, ನುಂಗಲಾಗದೆ ಬಹಳ ಹೊತ್ತು ಅಗಿಯುತ್ತಾ ನಿಂತರು.