ಹಾವಿನ ಮುರಳಿ ಒಪ್ಪಿಕೊಂಡದ್ದು

ಚಿಂತಾಮಣಿಯ ಸುತ್ತಮುತ್ತ ಮುರಳಿಮೋಹನನಿಗೆ ಎರಡು ಹೆಸರಿದ್ದವು. ತೋಟಕ್ಕೆ ಹನಿ ನೀರಾವರಿಯ ಪೈಪು ಹಾಕಿಸಿಕೊಳ್ಳುವವರು ಅವನನ್ನು ಡ್ರಿಪ್ ಮುರಳಿ ಎನ್ನುತ್ತಿದ್ದರು. ಮಿಕ್ಕವರಿಗೆಲ್ಲ ಅವನು ಹಾವಿನ ಮುರಳಿ. ಹದಿನೈದು ವರ್ಷ ದ್ರಾಕ್ಷಿ ತೋಟ, ಟೊಮೆಟೊ ಹೊಲ, ರೇಷ್ಮೆಹುಳು ಸಾಕುವ ಮನೆ ಎಂದು ಸುತ್ತಿದವನಿಗೆ ಹಾವುಗಳ ಒಡನಾಟ ತಾನಾಗಿಯೇ ಬಂದಿತ್ತು. ಮೊದಮೊದಲು, ಜನ ಹೊಡೆದು ಸಾಯಿಸಬಾರದೆಂದು ಹಿಡಿದು ದೂರ ಬಿಟ್ಟು ಬರುತ್ತಿದ್ದ. ಆಮೇಲೆ ನೋಡಲು ಜನ ಸೇರತೊಡಗಿದರು. ಫೋನುಗಳು ಮೇಲೆದ್ದವು. ಅಂದಿನಿಂದ ಹಿಡಿದ ಹಾವನ್ನು ತಕ್ಷಣ ಚೀಲಕ್ಕೆ ಹಾಕುವುದು ಅವನಿಂದ ಆಗಲೇ ಇಲ್ಲ. ಬಾಲ ಹಿಡಿದು ಎತ್ತುತ್ತಿದ್ದ, ಹೆಡೆ ಬಿಚ್ಚಿಸಿ ನಿಲ್ಲಿಸುತ್ತಿದ್ದ, ಕೊನೆಗೆ ಹೆಡೆಯ ಹಿಂದೆ ಬಾಗಿ ಒಂದು ಮುತ್ತು ಕೊಡುತ್ತಿದ್ದ. ಜನ ಓ ಎಂದು ಕೂಗುತ್ತಿದ್ದರು. ಹೆಂಡತಿ ಪವಿತ್ರ ಅದನ್ನು ವಿಡಿಯೊ ಮಾಡಿ ಜಾಲತಾಣಕ್ಕೆ ಹಾಕುತ್ತಿದ್ದಳು.

ಅರಣ್ಯ ಇಲಾಖೆಯ ಗಾರ್ಡ್ ಕೋನಪ್ಪ ಎರಡು ಸಲ ಎಚ್ಚರಿಸಿದ್ದ. "ಹಿಡಿದು ಬಿಡೋದು ಬೇರೆ, ಆಡ್ಸೋದು ಬೇರೆ ಕಣಪ್ಪಾ. ಆಡ್ಸೋದು ಕಾನೂನಿಗೆ ವಿರುದ್ಧ." ಮುರಳಿ ನಕ್ಕು, "ಜನಕ್ಕೆ ಅರಿವು ಮೂಡ್ಲಿ ಅಂತ ಅಣ್ಣ" ಎಂದಿದ್ದ. ಹಾಗೆಂದು ಅವನು ನಿಜವಾಗಿಯೂ ನಂಬಿದ್ದ.

ಆ ವರ್ಷ ಜುಲೈ ತಿಂಗಳಲ್ಲಿ ಶಿಡ್ಲಘಟ್ಟದ ಕಡೆಯ ತಿಮ್ಮಗುಟ್ಟೆ ಎಂಬ ಊರಿನಿಂದ ಕರೆ ಬಂತು. ಅಲ್ಲಿನ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಸಿದ್ಧಾರ್ಥ್, ಊರಿನ ಮಕ್ಕಳಿಗೆ ಹಾವುಗಳ ಬಗ್ಗೆ ಒಂದು ಕಾರ್ಯಕ್ರಮ ಮಾಡಿಕೊಡಿ ಎಂದು ಕೇಳಿದ. ಮುರಳಿ ಹಿಂದಿನ ದಿನವೇ ಹಿಡಿದಿದ್ದ ನಾಗರಹಾವನ್ನು ಬಿಡದೆ ಡಬ್ಬದಲ್ಲಿಟ್ಟುಕೊಂಡು ಹೋದ. ಅಂಬೇಡ್ಕರ್ ಪಟದ ಕೆಳಗೆ, ಪುಸ್ತಕದ ಕಪಾಟುಗಳ ನಡುವೆ ಐವತ್ತು ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ಹಾವು ಹೆಡೆಯೆತ್ತಿ ಬುಸುಗುಟ್ಟಿದಾಗ ಎಲ್ಲರೂ ಹಿಂದೆ ಸರಿದರು. ಮುಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಇನ್ನಷ್ಟು ಮುಂದೆ ಬಾಗಿದಳು. ಅವಳು ಸಿದ್ಧಾರ್ಥನ ಮಗಳು ತನುಜ. ಹನ್ನೊಂದು ವರ್ಷ.

"ಅಂಕಲ್, ನಿಮ್ಗೆ ಯಾವತ್ತಾದ್ರೂ ಕಚ್ಚೈತಾ?" ಎಂದು ಕೇಳಿದಳು.

ಮುರಳಿ ನಗುತ್ತ ತಲೆಯಾಡಿಸಿದ. "ಇಲ್ಲ ಪುಟ್ಟ. ನಮ್ಮ ಭಯ ಹಾವಿಗೆ ಗೊತ್ತಾಗುತ್ತೆ. ಭಯ ಇಲ್ದೋರನ್ನ ಅದು ಕಚ್ಚಲ್ಲ."

ಪವಿತ್ರ ಎತ್ತಿ ಹಿಡಿದಿದ್ದ ಫೋನು ಒಂದು ಕ್ಷಣ ಕೆಳಗಿಳಿಯಿತು.

ಅವನು ಹೇಳಿದ್ದು ಸುಳ್ಳು. ಎರಡು ವರ್ಷದ ಹಿಂದೆ, ಸ್ಕಂದಗಿರಿಯ ತಪ್ಪಲಿನ ಒಂದು ದ್ರಾಕ್ಷಿ ತೋಟದಲ್ಲಿ, ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ ಪವಿತ್ರಳ ವಿಡಿಯೊಗಾಗಿ ಮುತ್ತು ಕೊಡಲು ಬಾಗಿದಾಗ ಹಾವು ತಿರುಗಿ ಅವನ ಬಲಗೈ ಹೆಬ್ಬೆರಳನ್ನು ಕಚ್ಚಿತ್ತು. ಆಸ್ಪತ್ರೆ ಸೇರುವ ಹೊತ್ತಿಗೆ ರೆಪ್ಪೆಗಳು ಜೋತುಬಿದ್ದು ನಾಲಗೆ ತೊದಲುತ್ತಿತ್ತು. ಮೂರು ದಿನ ಯಂತ್ರವೇ ಅವನ ಬದಲು ಉಸಿರಾಡಿತು. ಆ ಮೂರು ದಿನ ಪವಿತ್ರ ಹೊರಗಿನ ಕಬ್ಬಿಣದ ಕುರ್ಚಿಯ ಮೇಲೆ ಕೂತೇ ಕಳೆದಳು. ಕಣ್ಣು ಬಿಟ್ಟವನು ಮೊದಲು ಕೇಳಿದ್ದು, ಊರಲ್ಲಿ ಯಾರಿಗಾದರೂ ತಿಳಿಯಿತೇ ಎಂದು. ಯಾರಿಗೂ ಹೇಳಬೇಡ ಎಂದವನ ಮಾತು ಮೀರಲಾರದೆ ಅವಳು, ಮುರಳಿಗೆ ಡೆಂಗಿ, ಬೇಗ ಗುಣವಾಗಲೆಂದು ಹಾರೈಸಿ, ಎಂದು ಫೋನಿನಲ್ಲಿ ಬರೆದು ಹಾಕಿದಳು. ಸಾವಿರಾರು ಜನ ಹಾರೈಸಿದರು.

ಗ್ರಂಥಾಲಯದಿಂದ ಹಿಂದಿರುಗುವಾಗ ಬೈಕಿನಲ್ಲಿ ಅವಳು ಕೇಳಿದಳು. "ಆ ಮಗೂಗ್ ಯಾಕ್ರೀ ಹಂಗೇಳಿದ್ರಿ?"

"ಅಷ್ಟು ಜನದ ಮುಂದೆ ಇನ್ನೇನ್ ಹೇಳ್ಲಿ ಕಣೇ?"



ಆಗಸ್ಟ್ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ಮುರಳಿ ತೋಟವೊಂದರಲ್ಲಿ ಪೈಪು ಜೋಡಿಸುತ್ತಿದ್ದಾಗ ಸಿದ್ಧಾರ್ಥ್ ಫೋನು ಮಾಡಿದ. ಧ್ವನಿ ಸಮವಾಗಿತ್ತು, ಓದಿ ಹೇಳುವವನಂತೆ.

"ತನುಗೆ ನಾಗರಹಾವು ಕಚ್ಚಿ ಇವತ್ತಿಗೆ ನಾಲ್ಕು ದಿನ. ಚಿಕ್ಕಬಳ್ಳಾಪುರದ ಆಸ್ಪತ್ರೇಲಿದೀವಿ. ಜೀವಕ್ಕೆ ಏನೂ ಇಲ್ಲ ಅಂತ ಇವತ್ತು ಡಾಕ್ಟ್ರು ಹೇಳಿದ್ರು. ಅವಳು ನಿಮ್ಮನ್ನ ನೋಡ್ಬೇಕಂತೆ. ನನಗೆ ನಿಮ್ಮನ್ನ ಕರಿಯೋ ಮನಸ್ಸಿರ್ಲಿಲ್ಲ. ಅವಳು ಕೇಳ್ತಾವ್ಳೆ, ಅದಕ್ಕೆ ಮಾಡ್ದೆ."

ಮುರಳಿ ಕೈಯಲ್ಲಿದ್ದ ಪೈಪನ್ನು ಅಲ್ಲೇ ಬಿಟ್ಟ. ಮನೆಗೆ ಹೋಗಿ ಪವಿತ್ರಳನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ. ಬೈಕು ಓಡಿಸುವ ಧೈರ್ಯ ಅವನಿಗಿರಲಿಲ್ಲ.

ವಾರ್ಡಿನ ಹೊರಗೆ ತನುಜಳ ಅಜ್ಜಿ, ಸಿದ್ಧಾರ್ಥನ ತಾಯಿ ಗಂಗುಲಮ್ಮ ಫ್ಲಾಸ್ಕು ಹಿಡಿದು ಕೂತಿದ್ದಳು. ಬೈಯುತ್ತಾಳೆಂದು ಮುರಳಿ ತಲೆತಗ್ಗಿಸಿ ನಿಂತರೆ, ಅವಳು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಬಂದ್ಯಾಪ್ಪ. ಒಳಿಕ್ಕೋಗಿ ಒಂದ್ಸಲ ಅವಳ ಕೈ ಮ್ಯಾಲೆ ನಿನ್ ಕೈ ಇಡಪ್ಪ. ಡಾಕ್ಟ್ರು ಬೆರಳು ತೆಗೀಬೇಕು ಅಂತಾವ್ರೆ. ನಿನ್ ಕೈಯಾಗೆ ಏನೋ ಐತೆ. ನಾನು ಫೋನ್ನಾಗೆ ನೋಡಿವ್ನಿ."

"ನನ್ ಕೈಯಲ್ಲಿ ಏನೂ ಇಲ್ಲಮ್ಮ" ಎಂದ ಮುರಳಿ.

"ಹಂಗನ್ನಬೇಡಪ್ಪ."

"ನಿಜವಾಗ್ಲೂ ಏನೂ ಇಲ್ಲ."

ಗಂಗುಲಮ್ಮ ಅವನ ಮುಖವನ್ನೇ ನೋಡಿದಳು. ನಿಧಾನವಾಗಿ ಅವನ ಕೈ ಬಿಟ್ಟಳು. ಪವಿತ್ರ ಅವಳನ್ನು ಬೆಂಚಿನ ಮೇಲೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು.

ತನುಜ ಹಾಸಿಗೆಯಲ್ಲಿ ಒರಗಿ ಕೂತಿದ್ದಳು. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ಸಿದ್ಧಾರ್ಥ್ ಕಿಟಕಿಯ ಬಳಿ ನಿಂತಿದ್ದ. ಮುರಳಿಯನ್ನು ಕಂಡು ಅವಳ ಮುಖ ಅರಳಿತು.

"ಅಂಕಲ್! ಹಿಪ್ಪುನೇರಳೆ ಸೊಪ್ಪಿನ ಕಟ್ಟಿನಲ್ಲಿ ಇತ್ತು. ಮರಿ. ಇಷ್ಟುದ್ದ. ಎಲ್ರೂ ದೊಣ್ಣೆ ತಂದ್ಬಿಟ್ರು. ಸಾಯಿಸ್ತಾರೆ ಅಂತ ನಾನೇ ಹಿಡ್ಕೊಂಡೆ. ನೀವು ಹಿಡ್ದಂಗೇ, ಬಾಲ. ಮೊದ್ಲು ಸುಮ್ನೇ ಇತ್ತು ಗೊತ್ತಾ?" ಅವಳ ದನಿ ತಗ್ಗಿತು. "ಆಮೇಲೆ ನಂಗೆ ಒಂಚೂರು ಭಯ ಆಗೋಯ್ತು. ಅದಕ್ಕೇ ಕಚ್ಚಿಬಿಡ್ತು. ನಂದೇ ತಪ್ಪು ಅಂಕಲ್. ಇನ್ನೊಂದ್ಸಲ ಭಯ ಪಡಲ್ಲ."

ಮುರಳಿ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತ. ಬಸ್ಸಿನಲ್ಲಿ ಬರುವಾಗ ಏನೇನೋ ಸಮಾಧಾನದ ಮಾತು ಹೊಂದಿಸಿಕೊಂಡು ಬಂದಿದ್ದ. ಅವನ್ನೆಲ್ಲ ಬಿಟ್ಟ. ಅವನು ತನ್ನ ಬಲಗೈಯನ್ನು ಅವಳ ಮುಂದೆ ಚಾಚಿದ.

"ಈ ಹೆಬ್ಬೆರಳು ನೋಡು ತನು. ಮಡಚಕ್ಕೆ ಆಗಲ್ಲ. ಪೈಪ್ ಕೊಯ್ಯೋವಾಗ ಆಗಿದ್ದು ಅಂತ ಎಲ್ರಿಗೂ ಹೇಳಿದೀನಿ. ಸುಳ್ಳು. ಹಾವು ಕಚ್ಚಿದ್ದು. ಸತ್ತೇ ಹೋಗ್ತಿದ್ದೆ. ಅವತ್ತು ಗ್ರಂಥಾಲಯದಲ್ಲಿ ನೀನು ಕೇಳ್ದಾಗ ನಿನಗೂ ಸುಳ್ಳು ಹೇಳ್ದೆ."

ಕಿಟಕಿಯ ಬಳಿ ಸಿದ್ಧಾರ್ಥ್ ತಿರುಗಿ ನಿಂತ. ತನುಜ ಆ ಹೆಬ್ಬೆರಳನ್ನು ಎಡಗೈಯಿಂದ ಮೆಲ್ಲಗೆ ಮುಟ್ಟಿ ನೋಡಿದಳು.

"ನಿಮ್ಗೂ ಭಯ ಆಗಿತ್ತಾ?"

"ಇಲ್ಲ ಪುಟ್ಟ. ಒಂಚೂರೂ ಆಗಿರ್ಲಿಲ್ಲ. ಅದೇ ನನ್ ತಪ್ಪು. ಭಯ ಇದ್ದಿದ್ರೆ ಅದನ್ನ ಮುಖದ ಹತ್ರ ತಗೊಂಡೋಗ್ತಿದ್ನಾ? ನಿನಗೆ ಭಯ ಆಯ್ತಲ್ಲ, ಅದು ಸರಿಯಾಗೇ ಇತ್ತು. ಭಯ ಆದ್ರೆ ದೂರ ನಿಂತ್ಕೋಬೇಕು ಅಂತ ನಾನು ಹೇಳ್ಕೊಡ್ಬೇಕಿತ್ತು. ಬೇರೆ ಏನೋ ಹೇಳ್ಕೊಟ್ಟೆ."

"ಮತ್ತೆ ವಿಡಿಯೋದಲ್ಲಿ ಅದು ಹೆಡೆ ಎತ್ಕೊಂಡು ಆಡ್ತಿರುತ್ತಲ್ಲ?"

"ಆಡಲ್ಲಮ್ಮ. ಓಡಿಹೋಗಕ್ಕೆ ದಾರಿ ಇಲ್ದೆ ನಿಂತಿರುತ್ತೆ. ಅದಕ್ಕೂ ಹೆದರಿಕೆ."

ತನುಜ ಅಪ್ಪನ ಕಡೆ ತಿರುಗಿ, "ಆ ಮರಿ ಏನಾಯ್ತು ಅಪ್ಪಾ?" ಎಂದಳು.

ತಪ್ಪಿಸಿಕೊಂಡು ಹೋಯಿತು ಎಂದರೆ ಮುಗಿದುಹೋಗುತ್ತಿತ್ತು. ಸಿದ್ಧಾರ್ಥ್ ಬಂದು ಮಗಳ ಪಕ್ಕ ಕೂತ. "ಹೊಡೆದುಬಿಟ್ರಮ್ಮ" ಎಂದ.

ಸೂಜಿ ಚುಚ್ಚಿದಾಗಲೂ, ಬೆರಳಿನ ವಿಷಯ ತಿಳಿದಾಗಲೂ ಅಳದಿದ್ದವಳು ಆಗ ಅತ್ತಳು. ಬಾಗಿಲಲ್ಲಿ ನಿಂತಿದ್ದ ಗಂಗುಲಮ್ಮ ಓಡಿಬಂದು, "ನಾ ಬಂಗಾರು ತಲ್ಲಿ, ನನ್ ಬಂಗಾರ, ಅಳ್ಬೇಡ" ಎನ್ನುತ್ತ ತಲೆ ನೇವರಿಸಿದಳು.

ಹೊರಗೆ ಮೆಟ್ಟಿಲ ಬಳಿ ಸಿದ್ಧಾರ್ಥ್ ಮುರಳಿಯನ್ನು ತಡೆದು ನಿಲ್ಲಿಸಿದ.

"ನಿಮ್ ಮೇಲೆ ಕಂಪ್ಲೇಂಟ್ ಕೊಡ್ಬೇಕು ಅಂತಿದ್ದೆ. ಈಗ್ಲೂ ಅನ್ಸುತ್ತೆ."

"ಕೊಡಿ ಸರ್. ನಾನೇ ಹೋಗಿ ಕೋನಪ್ಪಣ್ಣನ ಹತ್ರ ಬರ್ಕೊಡ್ತೀನಿ."

"ಆ ಕಾರ್ಯಕ್ರಮದ ಪೋಸ್ಟರ್ ಬರೆದೋನು ನಾನು. ವೈಜ್ಞಾನಿಕ ಅರಿವು ಅಂತ, ಮೂರು ಬಣ್ಣದಲ್ಲಿ. ಸಣ್ಣ ವಿಷಯಕ್ಕೂ ಯಾಕೆ ಹೇಗೆ ಅಂತ ಕೇಳಮ್ಮಾ ಅಂತ ಅವಳಿಗೆ ಹೇಳ್ಕೊಟ್ಟಿದ್ದೆ. ಅವಳು ಕೇಳಿದ್ಲು. ಅವತ್ತು ನಿಮ್ ಉತ್ತರಕ್ಕೆ ನಾನೂ ಚಪ್ಪಾಳೆ ತಟ್ದೆ." ಸಿದ್ಧಾರ್ಥ್ ವಾರ್ಡಿನ ಕಡೆ ತಿರುಗಿದ. "ಹೋಗ್ಬನ್ನಿ."

ಮಾರನೆಯ ದಿನ ಮುರಳಿ ಕೋನಪ್ಪನನ್ನು ಕಂಡು ಎಲ್ಲವನ್ನೂ ಬರೆದುಕೊಟ್ಟ. ಕಚೇರಿಯಲ್ಲಿ ಅವನನ್ನು ಬೈದರು, ಮುಚ್ಚಳಿಕೆ ಬರೆಸಿಕೊಂಡರು. ಇನ್ನು ಮೇಲೆ ಇಲಾಖೆಗೆ ತಿಳಿಸದೆ, ಸಲಕರಣೆಯಿಲ್ಲದೆ ಒಂದು ಹಾವನ್ನೂ ಮುಟ್ಟಕೂಡದೆಂದರು. ಮನೆಗೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತವನ ಪಕ್ಕ ಪವಿತ್ರ ಬಂದು ಕೂತಳು.

"ಎಲ್ರಿಗೂ ಹೇಳ್ಬೇಕು ಕಣೇ" ಎಂದ ಅವನು. "ಫೋನ್ ಹಿಡ್ಕೋತೀಯಾ?"

"ಹಿಡ್ಕೊಳಲ್ಲ. ಎಲ್ಲಾದ್ರೂ ಒರಗಿಸಿಡಿ. ನಾನೂ ನಿಮ್ ಪಕ್ಕ ಕೂತ್ಕೋತೀನಿ. ಡೆಂಗಿ ಅಂತ ಬರೆದೋಳು ನಾನು."

"ನಾನ್ ಹೇಳಿದ್ದಕ್ಕೆ ನೀನು ಬರೆದೆ."

"ಆ ಮೂರು ದಿನ ನಾನ್ ಎಂಗಿದ್ದೆ ಅಂತ ಒಂದಿನಾನಾದ್ರೂ ಕೇಳಿದ್ರಾ?" ಪವಿತ್ರ ಅವನ ಕಡೆ ತಿರುಗಿದಳು. "ಯಾರ್ ಹತ್ರಾನೂ ಹೇಳ್ಕಳಂಗಿರ್ಲಿಲ್ಲ. ಡೆಂಗಿ ಅಂತ ಬರೆದ್ಮೇಲೆ ನಮ್ಮಮ್ಮ ಫೋನ್ ಮಾಡಿ ಪ್ಲೇಟ್ಲೆಟ್ ಎಷ್ಟೈತೆ ಅಂತ ಕೇಳೋರು. ಬಾಯಿಗ್ ಬಂದ ಅಂಕಿ ಹೇಳ್ತಿದ್ದೆ."

ಮುರಳಿ ಅವಳ ಕೈ ಹಿಡಿದ. ಎರಡು ವರ್ಷ ತಡವಾಗಿ ಕೇಳಿದ. ಅವಳು ಹೇಳಿದಳು. ನಲ್ಲಿಯಲ್ಲಿ ಮುಖ ತೊಳೆಯುವಾಗ ಅತ್ತದ್ದು, ಯಂತ್ರದ ಸದ್ದು ನಿಂತಂತೆ ಕೇಳಿ ಎದ್ದು ಓಡಿದ್ದು, ಪಕ್ಕದ ರೋಗಿಯ ಕಡೆಯವರು ಇಡ್ಲಿ ತಂದುಕೊಟ್ಟದ್ದು. ಸಂಜೆಯಾಗುವವರೆಗೆ ಹೇಳಿದಳು. ಅಂದು ವಿಡಿಯೊ ಆಗಲಿಲ್ಲ.

ಮರುದಿನ ಇಬ್ಬರೂ ಗೋಡೆಗೊರಗಿ ಕೂತು ನಡೆದದ್ದನ್ನು ನಡೆದ ಹಾಗೆ ಹೇಳಿದರು. ತನುಜಳ ಹೆಸರೊಂದನ್ನು ಬಿಟ್ಟು ಏನನ್ನೂ ಮುಚ್ಚಿಡಲಿಲ್ಲ. ಆಮೇಲೆ ಪವಿತ್ರ ಹಳೆಯ ವಿಡಿಯೊಗಳನ್ನೆಲ್ಲ ಒಂದೊಂದಾಗಿ ಅಳಿಸಿದಳು. ಕೆಲವರು ಒಳ್ಳೆಯದು ಮಾಡಿದಿರಿ ಎಂದರು. ಬಹಳ ಜನ ಬೈದರು. ಅದಕ್ಕಿಂತ ಹೆಚ್ಚು ಜನ ಸುಮ್ಮನೆ ಬೇರೆಯವರ ವಿಡಿಯೊ ನೋಡಲು ಹೋದರು.

ತನುಜಳ ಉಂಗುರದ ಬೆರಳಿನ ಅರ್ಧ ಹೋಯಿತು. ಗಾಯ ಮಾಗಿ ಅವಳು ಶಾಲೆಗೆ ಹೋಗತೊಡಗಿದ ಮೇಲೆ ಸಿದ್ಧಾರ್ಥ್ ತಾನೇ ಮುರಳಿಯನ್ನು ಮತ್ತೆ ಗ್ರಂಥಾಲಯಕ್ಕೆ ಕರೆದ. ಈ ಸಲ ಇಪ್ಪತ್ತು ಮಕ್ಕಳಿದ್ದರು. ಹಾವಿಲ್ಲ ಎಂದು ತಿಳಿದು ಅವರಲ್ಲೂ ನಾಲ್ಕು ಜನ ಎದ್ದು ಹೋದರು. ಮುರಳಿ ಒಂದು ಕೊಕ್ಕೆ, ಒಂದು ಪಿವಿಸಿ ಪೈಪು, ಅದರ ತುದಿಗೆ ಬಿಗಿದ ಬಟ್ಟೆಚೀಲ ತೋರಿಸಿದ. ಹಾವಿಗೆ ಕತ್ತಲು ಇಷ್ಟ, ದಾರಿ ತೋರಿಸಿದರೆ ತಾನೇ ಒಳಗೆ ಹೋಗುತ್ತದೆ, ಕೈ ಹಾಕುವ ಕೆಲಸವೇ ಇಲ್ಲ ಎಂದ. ಈ ಕೆಲಸವನ್ನೂ ಕಲಿತವರೇ ಮಾಡಬೇಕು, ನೀವು ದೂರ ನಿಂತು ದೊಡ್ಡವರನ್ನು ಕರೆಯಿರಿ ಎಂದ. ಕಾಲುದಾರಿಯಲ್ಲಿ ಹೆಜ್ಜೆ ಸದ್ದು ಮಾಡುತ್ತ ನಡೆದರೆ ಹಾವು ತಾನೇ ಸರಿದು ಹೋಗುತ್ತದೆ ಎಂದ. ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಮಂತ್ರದವರ ಹತ್ತಿರ ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ ಎಂದ. ತನುಜ ಹಿಂದಿನ ಸಾಲಿನಲ್ಲಿ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮುರಳಿ ಆ ಕಡೆ ಬೆರಳು ತೋರಲಿಲ್ಲ, ಅವಳ ಮಾತೆತ್ತಲಿಲ್ಲ. ಕೊನೆಯಲ್ಲಿ ಅವಳೇ ಎದ್ದು, "ನಮ್ಮಪ್ಪ ನನ್ನ ಸೀದಾ ಆಸ್ಪತ್ರೆಗೇ ಕರ್ಕೊಂಡೋದ್ರು. ಅದಕ್ಕೇ ಉಳ್ಕೊಂಡೆ" ಎಂದಷ್ಟೇ ಹೇಳಿ ಕೂತಳು.

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅದೇ ಊರಿನ ಪಂಪ್‌ಹೌಸಿನಲ್ಲಿ ನಾಗರಹಾವು ಕಾಣಿಸಿಕೊಂಡಿತು. ಕೋನಪ್ಪ, ಮುರಳಿ, ಪವಿತ್ರ ಮೂವರೂ ಬಂದರು. ಜನ ಸೇರಿ, "ಒಂದ್ಸಲ ಎತ್ತಿ ತೋರ್ಸಣ್ಣ" ಎಂದು ಗದ್ದಲ ಮಾಡಿದರು. ಪವಿತ್ರ ಎರಡೂ ಕೈ ಚಾಚಿ ಅವರನ್ನು ದೂರ ನಿಲ್ಲಿಸಿದಳು. ಮುರಳಿ ಮೋಟಾರಿನ ಪಕ್ಕ ಪೈಪು ಇಟ್ಟು, ಕೊಕ್ಕೆಯಿಂದ ಒಂದು ಕಡೆಯ ದಾರಿ ಅಡ್ಡಗಟ್ಟಿ ಕಾದ. ಹಾವು ಸ್ವಲ್ಪ ಹೊತ್ತು ಗೋಡೆ ಬದಿಯಲ್ಲಿ ತಡಕಾಡಿ ಪೈಪಿನೊಳಗೆ ಜಾರಿ ಹೋಯಿತು. ಅವನು ಚೀಲ ಬಿಗಿದ. ಅಷ್ಟರಲ್ಲಿ ಜನ ಚದುರಿ ಹೋಗಿದ್ದರು.

ಉಳಿದದ್ದು ಸಿದ್ಧಾರ್ಥ್ ಮತ್ತು ಅವನ ಕೈ ಹಿಡಿದಿದ್ದ ತನುಜ. "ಬಿಡೋದನ್ನ ನಾನೂ ನೋಡ್ಬೋದಾ?" ಎಂದಳು ಅವಳು. ಮುರಳಿ ಸಿದ್ಧಾರ್ಥನ ಮುಖ ನೋಡಿದ. ಸಿದ್ಧಾರ್ಥ್ ಸ್ವಲ್ಪ ತಡೆದು ಸರಿಯೆಂದು ತಲೆಯಾಡಿಸಿದ.

ಊರ ಹೊರಗಿನ ಗುಡ್ಡದ ಬುಡದಲ್ಲಿ, ತನುಜ ಅಪ್ಪನೊಂದಿಗೆ ಇಪ್ಪತ್ತು ಹೆಜ್ಜೆ ದೂರ ನಿಂತಳು. ಮುರಳಿ ಚೀಲದ ಗಂಟು ಸಡಿಲಿಸಿ, ಕೊಕ್ಕೆಯಿಂದ ತುದಿಯೆತ್ತಿ ಹಿಂದೆ ಸರಿದ. ಹಾವು ಹೊರಬಂದು ಬಿಸಿಲಲ್ಲಿ ಒಮ್ಮೆ ಮಿಂಚಿ, ಬಂಡೆಯ ಪಕ್ಕದ ಲಂಟಾನ ಪೊದೆಯೊಳಗೆ ಮರೆಯಾಯಿತು. ಹೆಡೆ ಎತ್ತಲೂ ಇಲ್ಲ.

"ಒಂದ್ಸಲಾನೂ ತಿರುಗಿ ನೋಡ್ಲಿಲ್ಲ!" ಎಂದು ತನುಜ ನಕ್ಕಳು.

"ಅದಕ್ಕೆ ನಮ್ ಪರಿಚಯ ಬೇಕಾಗಿಲ್ಲಮ್ಮ" ಎಂದ ಕೋನಪ್ಪ.

ಸಿದ್ಧಾರ್ಥ್ ಖಾಲಿ ಪೈಪನ್ನು ಮುರಳಿಯ ಕೈಯಿಂದ ಇಸಿದುಕೊಂಡು ತನ್ನ ಹೆಗಲಿಗೆ ಏರಿಸಿಕೊಂಡ. "ಮನೇಲಿ ಅಮ್ಮ ಕಾಫಿಗೆ ಇಟ್ಟವ್ಳೆ, ಬನ್ನಿ" ಎಂದ. ತನುಜ ಆಗಲೇ ಪವಿತ್ರಳ ಜೊತೆ ಏನೋ ಹೇಳುತ್ತ, ಕಾಲುದಾರಿಯಲ್ಲಿ ಧಪಧಪ ಹೆಜ್ಜೆ ಸದ್ದು ಮಾಡುತ್ತ ಮುಂದೆ ಹೋಗುತ್ತಿದ್ದಳು.