ಹೆಂಗಸರು ನೋಡಿದ ಮಾಂಸ

ಅವತ್ತು ಬೆಳಿಗ್ಗೆ ಒಂದು ಚಿರತೆಯ ಬಾಲ ನೋಡಲು ಹನ್ನೊಂದು ಜೀಪು ಸೇರಿದ್ದವು. ಚಿರತೆ ಜಾಲಿಮರದ ಮೇಲೆ ಗಡದ್ದಾಗಿ ನಿದ್ದೆ ಹೊಡೆಯುತ್ತಿತ್ತು. ಜೋತುಬಿದ್ದ ಬಾಲ ಒಂದು ಸಲ ಅಲ್ಲಾಡಿದ್ದಕ್ಕೆ ನಾನು ಓಡಿಸುವ ಜೀಪಿನ ನಾಲ್ವರು ಹೆಂಗಸರೂ ಬಾಯಿಗೆ ಕೈ ಹಿಡಿದು ಕಣ್ಣೀರು ಹಾಕಿದರು. ಡೆನ್ಮಾರ್ಕಿನವರು. ಅವರ ಊರಿನಲ್ಲಿ ಬೆಕ್ಕುಗಳಿಗೆ ಬಾಲ ಇಲ್ಲವೋ ಏನೋ!

ಅವರಲ್ಲಿ ಇಂಗರ್ ಎಂಬಾಕೆ ಹಲ್ಲಿನ ಡಾಕ್ಟರು. ಕಂಡಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುವ ಚಟ.

"ಲೆತೊಯೆ, ಈ ಬಂಡೆ ನಿಮ್ಮ ಸಂಬುರು ಜನಕ್ಕೆ ಪವಿತ್ರವಾ?"

"ಇಲ್ಲಮ್ಮಾ, ಕಾಲು ನೋವು ಬಂದ್ರೆ ಅದರ ಮೇಲೆ ಕೂರ್ತೀವಿ."

ಅದನ್ನೂ ಬರೆದುಕೊಂಡಳು.

ಚಿರತೆಯ ಜಾಡು ಹಿಡಿದು ನಮ್ಮನ್ನು ಅಲ್ಲಿಗೆ ಮುಟ್ಟಿಸಿದವನು ನನ್ನ ಅಕ್ಕನ ಮಗ ಮೆಪುಕೋರಿ. ಕಲ್ಲುನೆಲದ ಮೇಲೂ ಹೆಜ್ಜೆ ಓದುತ್ತಾನೆ, ಪುಣ್ಯಾತ್ಮ. ನಮ್ಮ ಸಫಾರಿ ಕ್ಯಾಂಪಿನಲ್ಲಿ ಅದು ಅವನ ಎರಡನೆಯ ವಾರ. ಕೆಲಸ ಖಾಯಂ ಮಾಡುವುದು, ಬಿಡುವುದು ಮ್ಯಾನೇಜರ್ ಡಂಕನ್ ಕೈಯಲ್ಲಿತ್ತು. ಮೆಪುಕೋರಿಗೋ ಈ ಕೆಲಸವೆಂದರೆ ಪ್ರಾಣ.

ಡಂಕನ್ ಹದಿನೆಂಟು ವರ್ಷದ ಹಿಂದೆ ಕೈಬಿಟ್ಟಿದ್ದ ಒಂದು ಮಂಗಾಟವನ್ನು ಮತ್ತೆ ಶುರುಮಾಡಿದ್ದ. ಅದರ ಹೆಸರು 'ಯೋಧನ ಜೊತೆ ಊಟ'. ಬತ್ತಿದ ಹೊಳೆಯ ಮರಳಿನಲ್ಲಿ ಮೇಜು, ಬಿಳಿ ಬಟ್ಟೆ, ಗಾಜಿನ ಲೋಟ. ನಡುವೆ ಮಣಿಸರ ಹಾಕಿದ ಒಬ್ಬ ಮೋರಾನ್ ಕೂತು ಮಾಂಸ ಕಚ್ಚಬೇಕು, ಸುತ್ತ ಕೂತವರು ಫೋಟೊ ಹೊಡೆಯಬೇಕು. ಮೋರಾನ್ ಅಂದರೆ ನಮ್ಮಲ್ಲಿ ಮದುವೆಯಾಗದ ಯೋಧ. ಅವನು ಹೆಂಗಸರ ಕಣ್ಣು ಬಿದ್ದ ಮಾಂಸ ಮುಟ್ಟುವುದಿಲ್ಲ. ಹೆತ್ತ ತಾಯಿ ನೋಡಿದರೂ ಅಷ್ಟೇ. ಪೊದೆಯ ಮರೆಯಲ್ಲಿ, ಓರಗೆಯವನೊಬ್ಬ ಜೊತೆಗಿದ್ದರೆ ಮಾತ್ರ ತಿನ್ನುತ್ತಾನೆ. ಇದು ತಪ್ಪಿದವನನ್ನು ಓರಗೆಯವರು ಸಾಯುವವರೆಗೂ ಆಡಿಕೊಳ್ಳುತ್ತಾರೆ. ಇಷ್ಟು ವರ್ಷ ನಮ್ಮ ನೀರು ಕುಡಿದ ಡಂಕನ್‌ಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಗೊತ್ತಿದ್ದೇ ಅವತ್ತಿನ ಮಧ್ಯಾಹ್ನದ ಊಟಕ್ಕೆ ಮೆಪುಕೋರಿಯನ್ನು ಗೊತ್ತುಮಾಡಿದ್ದ.

ನಾನೂ ಒಂದು ಉಪಾಯ ಹೂಡಿದ್ದೆ. ಹೊಳೆ ದಡದ ಬಂಡೆಯ ಹಿಂದೆ ಮೇಕೆಯ ತೊಡೆ ಸುಟ್ಟು, ಸೊಪ್ಪು ಮುಚ್ಚಿ ಇಟ್ಟಿದ್ದೆ. ಮೆಪುಕೋರಿ ಅದನ್ನು ಮೊದಲೇ ತಿಂದು ಬಂದು ಮೇಜಿನ ಬಳಿ ಸುಮ್ಮನೆ ಕೂರಲಿ, ಯೋಧರು ಅತಿಥಿಗಳಿಗಿಂತ ಮೊದಲು ಉಣ್ಣುವುದು ಪದ್ಧತಿ ಎಂದು ಬುರುಡೆ ಬಿಟ್ಟರಾಯಿತು ಅಂದುಕೊಂಡಿದ್ದೆ. ಆದರೆ ಅವನ ಓರಗೆಯ ಜೊತೆಗಾರ ಕ್ಯಾಂಪಿನ ಒಂಟೆಗಳನ್ನು ಕಟ್ಟಿಹಾಕಿ ಬರುವುದು ತಡವಾಯಿತು. ಒಬ್ಬನೇ ತಿನ್ನುವ ಹಾಗಿಲ್ಲವಲ್ಲ! ಕಾಯುತ್ತ ನಿಂತ.

ಅಷ್ಟರಲ್ಲಿ ಇಂಗರ್ ಹೊರಕಡೆಗೆಂದು ಬಂಡೆಯ ಹಿಂದೆ ಹೋದಳು. ಹೋದವಳು ಹೋದ ಕೆಲಸ ಮುಗಿಸಿ ಬರಬಾರದೇ? ಸೊಪ್ಪು ಎತ್ತಿ ನೋಡಿದ್ದಾಳೆ. ಮಾಂಸವನ್ನು ಎರಡೂ ಕೈಯಲ್ಲಿ ಹಿಡಿದು, ಮುಖವರಳಿಸಿಕೊಂಡು ಬಂದಳು.

"ಪಾಪ, ನಾಚಿಕೆಗೆ ಬಚ್ಚಿಟ್ಟಿದ್ದಾನೆ! ಬಾ, ನಮ್ಮ ಜೊತೆ ತಿನ್ನು ಬಾ!"

ಒಂದು ತುಂಡು ಕಿತ್ತು ಅವನ ಬಾಯಿಯ ಹತ್ತಿರವೇ ಹಿಡಿದಳು. ಉಳಿದ ಮೂವರು ಕ್ಯಾಮೆರಾ ಎತ್ತಿದರು. ಮೆಪುಕೋರಿ ಬಾಯಿ ಬಿಗಿಹಿಡಿದು ನನ್ನ ಕಡೆ ನೋಡಿದ.

"ಸಾಹೇಬ್ರೇ, ಇದೊಂದು ಬಿಟ್ಬಿಡಿ. ಅವನ ಮಾನ ಹೋಗತ್ತೆ," ಎಂದೆ, ಮೇಜಿನ ತುದಿಯಲ್ಲಿ ನಿಂತಿದ್ದ ಡಂಕನ್‌ಗೆ.

ಡಂಕನ್ ನಕ್ಕ. ಮೆಪುಕೋರಿಗೂ ತಿಳಿಯಲೆಂದು ಸ್ವಾಹಿಲಿಯಲ್ಲೇ ಹೇಳಿದ: "ಏನ್ ದೊಡ್ಡ ಮಾನಾನಪ್ಪ! ಹದಿನೆಂಟು ವರ್ಷದ ಹಿಂದೆ ಇದೇ ಮರಳಲ್ಲಿ ಕೂತು ನೀನು ತಿನ್ಲಿಲ್ವಾ? ಆರು ಜನ ಹೆಂಗಸರ ಮುಂದೆ, ಮೂಳೆ ಸಮೇತ ಚೀಪಿದೆ. ಏನು, ಸತ್ತೋದ್ಯಾ? ಕೆಲಸ ಸಿಕ್ತು. ಹೇಳು ನಿನ್ನ ಅಳಿಯಂಗೆ."

ನನ್ನ ಓರಗೆಯವರಿಗೆ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಿರಲಿಲ್ಲ. ಈ ಮೆಪುಕೋರಿಗೆ, ಮೋರಾನ್ ಆದವನು ಹೇಗಿರಬೇಕೆಂದು ಕೂರಿಸಿಕೊಂಡು ಪಾಠ ಹೇಳಿದವನೇ ನಾನು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಮೆಪುಕೋರಿ ಕ್ಯಾಂಪಿನ ಬಿಲ್ಲೆಯನ್ನು ಎದೆಯಿಂದ ಬಿಚ್ಚಿ ಬಿಳಿ ಬಟ್ಟೆಯ ಮೇಲಿಟ್ಟ. ಈಟಿ ತೆಗೆದುಕೊಂಡ. ಹೊರಡುವ ಮುಂಚೆ ನಮ್ಮ ಭಾಷೆಯಲ್ಲಿ, ಮೆಲ್ಲಗೆ ಕೇಳಿದ: "ಮಾಮ, ರುಚಿಯಾಗಿತ್ತಾ?"

ಉತ್ತರಕ್ಕೆ ಕಾಯದೆ ನಡೆದುಬಿಟ್ಟ.

"ಏನಂದ, ಏನಂದ?" ಇಂಗರ್ ಆಗಲೇ ಪುಸ್ತಕ ಬಿಚ್ಚಿದ್ದಳು.

"ಊಟ ರುಚಿಯಾಗಿದೆಯಾ ಅಂತ ಕೇಳ್ದ."

"ಅಯ್ಯೋ, ಎಷ್ಟು ಒಳ್ಳೆಯ ಮನಸ್ಸು!" ಎಂದು ಬರೆದುಕೊಂಡಳು. ಆ ಮಾಂಸವನ್ನು ನಾಲ್ವರೂ ಸೇರಿ ಖಾಲಿ ಮಾಡಿದರು. ನನ್ನ ತಟ್ಟೆಗೂ ಒಂದು ತುಂಡು ಬಿತ್ತು. ಈಗ ನಾನು ಮದುವೆಯಾದವನು, ಯಾರ ಮುಂದೆ ಬೇಕಾದರೂ ತಿನ್ನಬಹುದು. ತಿಂದೆ.

ಊಟದ ಮೇಲೆ ಮತ್ತೆ ಆ ದರಿದ್ರ ಬಾಲ ನೋಡಲು ಹೊರಟೆವು. ಬಯಲಿನಲ್ಲಿ ದೂರಕ್ಕೆ ಮೆಪುಕೋರಿ ಕಂಡ. ಈಟಿ ಹೆಗಲ ಮೇಲಿತ್ತು, ಅವನ ಜೊತೆಗಾರನೂ ಪಕ್ಕದಲ್ಲಿದ್ದ. ಇಬ್ಬರೂ ಊರಿನ ದಾರಿ ಹಿಡಿದಿದ್ದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ಇಂಗರ್ ನನ್ನ ಹೆಗಲು ತಟ್ಟಿದಳು. "ನಿಲ್ಸಿ, ನಿಲ್ಸಿ! ಎಷ್ಟು ಚೆನ್ನಾಗಿ ನಡೀತಾ ಇದ್ದಾರೆ ನೋಡಿ!"

ನಿಲ್ಲಿಸಿದೆ. ನಾಲ್ಕು ಕ್ಯಾಮೆರಾ ಮೇಲೆದ್ದವು.

"ಇಂಜಿನ್ ಆಫ್ ಮಾಡಿ ಲೆತೊಯೆ, ಫೋಟೊ ಅಲ್ಲಾಡತ್ತೆ."

ಅದನ್ನೂ ಮಾಡಿದೆ.